ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೇಳುತ್ತಿವೆ. ನ್ಯೂಟ್ರಲ್‌ನಲ್ಲಿ ಚೆನ್ನಾಗಿಯೇ ಓಡುತ್ತಿರುವ ಎಂಜಿನ್, ಗೇರ್ ಹಾಕಿದ ತಕ್ಷಣ ಆಫ್. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಕೆಳಗಿನ ಪರೀಕ್ಷೆಗಳಲ್ಲಿ ಗೇರ್ ಹಾಕಿ ನೋಡುವಂಥವು ಹಲವು. ಸಮತಟ್ಟಾದ ಜಾಗ, ಎಳೆದ ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು, ಬ್ರೇಕ್ ಮೇಲೆ ಕಾಲು ಇವಿಷ್ಟೂ ಇರಲಿ. ಕಾರಿನ ಮುಂದೆ ಹಿಂದೆ ಯಾರೂ ನಿಂತಿರಬಾರದು.

ಪ್ರಶ್ನೆ: ನನ್ನದು ಆಟೊಮ್ಯಾಟಿಕ್ ಪೆಟ್ರೋಲ್ ಕಾರು. ಬೆಳಿಗ್ಗೆ ಏನೂ ತೊಂದರೆ ಇಲ್ಲ. ಎಂಜಿನ್ ಬಿಸಿಯಾದ ಮೇಲೆ 'ಎನ್'ನಿಂದ 'ಡಿ'ಗೋ 'ಆರ್'ಗೋ ಹಾಕಿದರೆ ಆರ್‌ಪಿಎಂ ಮುಳ್ಳು 750ರಿಂದ 400ಕ್ಕೆ ಇಳಿದು ಕಾರು ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ. ಸ್ವಲ್ಪ ರೇಸ್ ಕೊಟ್ಟು ಗೇರ್ ಹಾಕಿದರೆ ಹೋಗುತ್ತದೆ. ಚೆಕ್ ಎಂಜಿನ್ ದೀಪ ಹತ್ತಿಲ್ಲ. ಗೇರ್‌ಬಾಕ್ಸ್ ಇಳಿಸಿ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಬದಲಿಸಬೇಕು ಎಂದು ಗ್ಯಾರೇಜಿನವರು ಅನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಮೊದಲು ರೇಸ್ ಕೊಟ್ಟು ಗೇರ್ ಹಾಕುವುದನ್ನು ನಿಲ್ಲಿಸಿ. ಏರಿದ ಆರ್‌ಪಿಎಂನಲ್ಲಿ 'ಡಿ'ಗೆ ಹಾಕಿದಷ್ಟು ಸಲವೂ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳಿಗೆ ಪೆಟ್ಟು ಬೀಳುತ್ತದೆ. ಹೀಗೇ ಮುಂದುವರಿದರೆ, ಇಲ್ಲದ ಗೇರ್‌ಬಾಕ್ಸ್ ರಿಪೇರಿಯನ್ನು ನೀವೇ ತಂದುಕೊಂಡಂತೆ.

ಎಂಜಿನ್ ಯಾವ ರೀತಿ ನಿಲ್ಲುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಆರ್‌ಪಿಎಂ ಕುಸಿದು, ನಡುಗಿ, ಒದ್ದಾಡಿ ನಿಂತರೆ ಅದು ಹೆಚ್ಚಾಗಿ ಗಾಳಿ, ಇಂಧನ ಅಥವಾ ಕಿಡಿಯ ಕೊರತೆ. ಸ್ವಿಚ್ ಆರಿಸಿದ ಹಾಗೆ ನಡುಕವೇ ಇಲ್ಲದೆ ಪಟ್ಟನೆ ನಿಂತರೆ ವೈರಿಂಗ್, ರಿಲೇ ಅಥವಾ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್) ಮೇಲೆ ಅನುಮಾನ ಪಡಬೇಕು. ಕಾರಿಗೇ ಒಂದು ಜಗ್ಗು ಬಿದ್ದು, ಕ್ಲಚ್ ಒತ್ತದೆ ಬ್ರೇಕ್ ಹಾಕಿದ ಮ್ಯಾನ್ಯುವಲ್ ಕಾರಿನ ಹಾಗೆ ನಿಂತರೆ ಮಾತ್ರ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬಿಗಿಯುವುದು) ಬಿಡುತ್ತಿಲ್ಲ ಎಂದರ್ಥ. ನಿಮ್ಮ ವಿವರಣೆ ಮೊದಲನೆಯದಕ್ಕೆ ಹೊಂದುತ್ತದೆ. ಲಾಕಪ್ ಸಿಕ್ಕಿಕೊಂಡಿದ್ದರೆ ಸ್ವಲ್ಪ ರೇಸ್ ಕೊಟ್ಟ ಮಾತ್ರಕ್ಕೆ ಕಾರು ಸಲೀಸಾಗಿ ಹೊರಡುತ್ತಿರಲಿಲ್ಲ.

ಬ್ರೇಕ್ ಒತ್ತಿ 'ಡಿ'ಗೆ ಹಾಕಿದಾಗ ಕನ್ವರ್ಟರಿನೊಳಗೆ ಚಕ್ರದ ಕಡೆಯ ಟರ್ಬೈನ್ ನಿಂತಿರುತ್ತದೆ, ಎಂಜಿನ್ ಕಡೆಯ ಪಂಪ್ ಆಯಿಲನ್ನು ಕಡೆಯುತ್ತಲೇ ಇರಬೇಕಾಗುತ್ತದೆ. ಈ ಹೊರೆ ಬಿತ್ತೆಂದು ತಿಳಿದ ಕೂಡಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಥ್ರಾಟಲನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ತುಸು ತೆರೆದು ಗಾಳಿ ಹೆಚ್ಚಿಸುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ 50ರಿಂದ 100 ಆರ್‌ಪಿಎಂ ಇಳಿದು ಕ್ಷಣದಲ್ಲಿ ಸರಿಹೋಗುತ್ತದೆ. ತಣ್ಣಗಿರುವಾಗ ಐಡ್ಲಿಂಗ್ (ರೇಸ್ ಕೊಡದೆ ಎಂಜಿನ್ ಓಡುವ ವೇಗ) ಹೇಗೂ ಸಾವಿರದ ಮೇಲೆ ಇರುವುದರಿಂದ ದೋಷ ಮುಚ್ಚಿಹೋಗುತ್ತದೆ. ಬೆಳಿಗ್ಗೆ ತೊಂದರೆ ಕಾಣದಿರುವುದು ಇದಕ್ಕೇ.

ಯಾವ ಸಾಮಾನೂ ಬೇಡದ ಪರೀಕ್ಷೆಯಿಂದ ಶುರು ಮಾಡಿ. ಎಂಜಿನ್ ಬಿಸಿಯಾಗಿರಲಿ, ಎಸಿ ಆಫ್ ಇರಲಿ, ಗೇರ್ 'ಎನ್'ನಲ್ಲಿರಲಿ. ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದು ಮುಳ್ಳನ್ನು ನೋಡಿ. ಗೇರ್ ಹಾಕದೆಯೇ ಆರ್‌ಪಿಎಂ ಕುಸಿದು ಎಂಜಿನ್ ಒರಟಾದರೆ, ಪೆಡಲ್ ಬಳಿ ಬುಸ್ ಎನ್ನುವ ಸದ್ದು ನಿಲ್ಲದೆ ಬರುತ್ತಿದ್ದರೆ, ಬ್ರೇಕ್ ಬೂಸ್ಟರಿನ (ಎಂಜಿನ್ನಿನ ನಿರ್ವಾತದಿಂದ ಬ್ರೇಕಿಗೆ ಬಲ ಕೊಡುವ ಭಾಗ) ಡಯಾಫ್ರಾಮ್ ಹರಿದಿದೆ. ಆಟೊಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಗೇರ್ ಹಾಕುತ್ತೇವಲ್ಲ, ಹಾಗಾಗಿ ಬ್ರೇಕಿನ ದೋಷ ಗೇರಿನ ತಲೆಗೆ ಕಟ್ಟಿಕೊಳ್ಳುತ್ತದೆ. ಇದನ್ನು ಬಿಟ್ಟು ಗೇರ್‌ಬಾಕ್ಸ್ ಇಳಿಸಿದವರು ಕಡಿಮೆಯೇನಿಲ್ಲ.

ಬೂಸ್ಟರ್ ಸರಿಯಿದ್ದರೆ ಥ್ರಾಟಲ್ ಬಾಡಿಗೆ ಬನ್ನಿ. ಏರ್ ಫಿಲ್ಟರಿನಿಂದ ಬರುವ ರಬ್ಬರ್ ಪೈಪ್ ಕಳಚಿ, ಟಾರ್ಚ್ ಬಿಟ್ಟು ನೋಡಿ. ಬಟರ್‌ಫ್ಲೈ ತಟ್ಟೆಯ ಅಂಚು ಗೋಡೆಗೆ ತಾಗುವ ಕಡೆ ಕಪ್ಪು ಉಂಗುರದಂತೆ ಕಾರ್ಬನ್ ಕಟ್ಟಿರುತ್ತದೆ. ಐಡ್ಲಿಂಗ್ ಗಾಳಿಯೆಲ್ಲ ನುಗ್ಗಬೇಕಾದದ್ದು ಆ ಕೂದಲೆಳೆಯ ಸಂದಿಯಲ್ಲೇ. ಹಳೆಯ ಮಾದರಿಯಲ್ಲಿ ಪಕ್ಕದಲ್ಲೇ ಐಡಲ್ ಏರ್ ಕಂಟ್ರೋಲ್ ವಾಲ್ವ್ ಇರುತ್ತದೆ. ಅದರ ಮೊನೆಯೂ ದಾರಿಯೂ ಮಸಿ ಹಿಡಿದಿರುತ್ತವೆ. ಕೀ ತೆಗೆದು, ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿಕೊಂಡು ಒರೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಚನ್ನು ಉಜ್ಜಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಹಲ್ಲುಗಾಲಿ ಪ್ಲಾಸ್ಟಿಕ್ಕಿನದು. ಅದೇ ಕ್ಲೀನರನ್ನು ಮಾಸ್ ಏರ್‌ಫ್ಲೋ ಸೆನ್ಸರಿಗೂ (ಒಳಬರುವ ಗಾಳಿಯನ್ನು ಅಳೆಯುವುದು) ಹೊಡೆಯಬೇಡಿ. ಅದಕ್ಕೆ ಬೇರೆಯೇ ಕ್ಲೀನರ್ ಬರುತ್ತದೆ.

ಮುಂದಿನದು ಗಾಳಿ ಸೋರಿಕೆ. ಇಲ್ಲಿ ಸ್ಕ್ಯಾನರ್ ಬೇಕು. ದೀಪ ಹತ್ತಿಲ್ಲ ಎಂದ ಮಾತ್ರಕ್ಕೆ ಸ್ಕ್ಯಾನರ್ ಹಾಕಿ ಪ್ರಯೋಜನವಿಲ್ಲ ಅಂದುಕೊಳ್ಳಬೇಡಿ. ದೋಷದ ಕೋಡಿಗಿಂತ ಲೈವ್ ಡೇಟಾ, ಅಂದರೆ ಎಂಜಿನ್ ಓಡುವಾಗ ಸೆನ್ಸರುಗಳು ಕೊಡುವ ಅಂಕಿಗಳು, ಮುಖ್ಯ. ಬಿಸಿ ಎಂಜಿನ್ನಿನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಎರಡನ್ನೂ ಕೂಡಿಸಿ ನೋಡಿ. ಮೊತ್ತ ಸೊನ್ನೆಯಿಂದ ಆಚೀಚೆ ಶೇ. 10ರ ಒಳಗಿದ್ದರೆ ಸರಿ. ಐಡ್ಲಿಂಗ್‌ನಲ್ಲಿ ಶೇ. 20ರಷ್ಟು ಮೇಲಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಅದು ಥ್ರಾಟಲ್ ಆಚೆಯ ಸೋರಿಕೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ವೇಗ ಏರಿದಂತೆ ಟ್ರಿಮ್ ಕೂಡ ಏರುತ್ತಾ ಹೋದರೆ ಫ್ಯುಯೆಲ್ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ತಿರುಗಿ. ಒಂದು ಎಚ್ಚರ: ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾಪ್ ಸೆನ್ಸರ್ (ಥ್ರಾಟಲ್ ಆಚೆಯ ಗಾಳಿಯ ಒತ್ತಡ ಅಳೆಯುವುದು) ಮಾತ್ರ ಇರುವ ಕಾರುಗಳಲ್ಲಿ ಸೋರಿಕೆಯಿದ್ದರೂ ಟ್ರಿಮ್ ಅಷ್ಟಾಗಿ ಏರುವುದಿಲ್ಲ, ಬದಲಿಗೆ ಐಡ್ಲಿಂಗ್ ಜಾಸ್ತಿಯಾಗುತ್ತದೆ. ಅಲ್ಲಿ ವ್ಯಾಕ್ಯೂಮ್ ಗೇಜ್ ಹಾಕುವುದೇ ವಾಸಿ. ಸಮುದ್ರಮಟ್ಟದಲ್ಲಿ ಪಾದರಸದ 17ರಿಂದ 21 ಇಂಚು ಬರಬೇಕು, ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ.

ಸೋರುವ ಜಾಗ ಹುಡುಕಲು ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ಹಲವರಿಗಿದೆ. ಬೆಂಕಿ ಹತ್ತುವ ಕೆಲಸ ಅದು, ಬೇಡ. ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಬರುವ ಹೋಸ್‌ಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆತ್ತಗೆ ಹಿಸುಕಿ. ಯಾವುದನ್ನು ಹಿಸುಕಿದಾಗ ಐಡ್ಲಿಂಗ್ ಸರಿಹೋಗುತ್ತದೋ ಆ ದಾರಿಯಲ್ಲೇ ದೋಷ. ಪೆಟ್ರೋಲ್ ಟ್ಯಾಂಕಿನ ಆವಿ ಬರುವ ಪರ್ಜ್ ವಾಲ್ವ್ ತೆರೆದೇ ಉಳಿದುಬಿಡುವುದು ಬಹಳ ಸಾಮಾನ್ಯ. ಟ್ಯಾಂಕ್ ತುಂಬಿಸಿದ ದಿನ ತೊಂದರೆ ಹೆಚ್ಚುತ್ತಿದ್ದರೆ ಅದನ್ನೇ ಮೊದಲು ಹಿಡಿಯಿರಿ. ಎಂಜಿನ್ ಒಳಗಿನ ಆವಿಯನ್ನು ಹೀರಿಸುವ ಪಿಸಿವಿ ವಾಲ್ವ್ ಮತ್ತು ಅದರ ರಬ್ಬರ್ ಮೊಳಕೈಯನ್ನೂ ಬಿಡಬೇಡಿ. ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಮಸಿ ಸಿಕ್ಕಿ ಮುಚ್ಚದೆ ಉಳಿದರೂ ಇದೇ ಲಕ್ಷಣ. ಸುಟ್ಟ ಗಾಳಿ ಒಳಗೆ ಬಂದು ಐಡ್ಲಿಂಗ್ ಕೆಡುತ್ತದೆ, ವೇಗ ಏರಿದಾಗ ಗೊತ್ತೇ ಆಗುವುದಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿ ಬಹಳ ಕಾಲವಾಗಿದ್ದರೆ ಅದನ್ನೂ ಬಿಚ್ಚಿ ನೋಡಿ. ಒಂದು ಸಿಲಿಂಡರ್ ದುರ್ಬಲವಾಗಿದ್ದರೆ ಅದು ಬಯಲಾಗುವುದು ಹೊರೆ ಬಿದ್ದಾಗಲೇ.

ಇಷ್ಟಾದರೂ ಸಿಗಲಿಲ್ಲವೆಂದರೆ ಇನ್ನೊಂದು ಮೂಲೆ ಇದೆ, ಹೆಚ್ಚಿನವರು ನೋಡದ್ದು. ಗೇರ್ ಬಿತ್ತು ಎಂದು ಇಸಿಯುಗೆ ತಿಳಿಸುವುದು ಗೇರ್‌ಬಾಕ್ಸ್ ಮೇಲಿನ ಇನ್‌ಹಿಬಿಟರ್ ಸ್ವಿಚ್. ಅದು ಸವೆದಿದ್ದರೆ ಲಿವರ್ 'ಡಿ'ಯಲ್ಲಿದ್ದರೂ ಇಸಿಯು ಇನ್ನೂ 'ಎನ್' ಅಂದುಕೊಂಡಿರುತ್ತದೆ, ಗಾಳಿ ಹೆಚ್ಚಿಸುವುದಿಲ್ಲ. ಸ್ಕ್ಯಾನರಿನಲ್ಲಿ ಗೇರ್ ಸ್ಥಾನದ ಸಾಲು ತೆರೆದಿಟ್ಟು ಲಿವರನ್ನು ನಿಧಾನವಾಗಿ ಪ್ರತಿ ಸ್ಥಾನಕ್ಕೂ ಸರಿಸಿ. ಪರದೆ ಮೇಲಿನ ಅಕ್ಷರ ತಡವಾಗಿ ಬದಲಾದರೆ, ನಡುವೆ ಖಾಲಿ ತೋರಿಸಿದರೆ, ಸ್ವಿಚ್ ಹೊಂದಿಸಬೇಕು ಅಥವಾ ಬದಲಿಸಬೇಕು.

ಟಾರ್ಕ್ ಕನ್ವರ್ಟರಿನ ಸರದಿ ಎಲ್ಲದರ ಕೊನೆಗೆ. ಲಾಕಪ್ ಸೊಲೆನಾಯ್ಡಿನ (ಲಾಕಪ್ ಕ್ಲಚ್ಚನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್) ಕನೆಕ್ಟರ್ ಕಳಚಿ ಗೇರ್ ಹಾಕಿ ನೋಡಿ. ಹಲವು ಕಾರುಗಳಲ್ಲಿ ಇದು ಗೇರ್‌ಬಾಕ್ಸಿನ ಮುಖ್ಯ ಕನೆಕ್ಟರೇ ಆಗಿರುತ್ತದೆ. ಕಳಚಿದರೆ ಗೇರ್‌ಬಾಕ್ಸ್ ಲಿಂಪ್ ಮೋಡಿಗೆ (ರಕ್ಷಣೆಗಾಗಿ ಸೀಮಿತವಾಗಿ ಕೆಲಸ ಮಾಡುವ ಸ್ಥಿತಿ) ಹೋಗಿ ದೀಪ ಹತ್ತುತ್ತದೆ, ಗಾಬರಿ ಬೇಡ, ಆಮೇಲೆ ಅಳಿಸಬಹುದು. ಕಳಚಿದ ಮೇಲೆ ಎಂಜಿನ್ ನಿಲ್ಲದಿದ್ದರೆ ದೋಷ ಸೊಲೆನಾಯ್ಡ್ ಅಥವಾ ಅದಕ್ಕೆ ಹೋಗುವ ಆಜ್ಞೆಯಲ್ಲಿದೆ. ಕಳಚಿದರೂ ಜಗ್ಗಿ ನಿಂತರೆ ವಾಲ್ವ್ ಬಾಡಿ ಅಥವಾ ಕನ್ವರ್ಟರ್. ಪಿ0742 ಕೋಡ್ ಇದ್ದರೆ ಲಾಕಪ್ ಸಿಕ್ಕಿಕೊಂಡಿದೆ ಎಂದು ಕಾರೇ ಹೇಳುತ್ತಿದೆ. ನಿಮ್ಮಲ್ಲಿ ಪಿ0506 ಸ್ಕ್ಯಾನರಿನ ಪೆಂಡಿಂಗ್ (ಇನ್ನೂ ದೀಪ ಹತ್ತಿಸದ ಕೋಡುಗಳ) ಸಾಲಿನಲ್ಲಿ ಅಡಗಿರುವ ಸಾಧ್ಯತೆ ಹೆಚ್ಚು. ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆ ಎಂಬುದರ ಕೋಡ್ ಅದು.

ಪ್ರಶ್ನೆ: ಮ್ಯಾನ್ಯುವಲ್ ಕಾರು. ಕ್ಲಚ್ ಪೂರ್ತಿ ಒತ್ತಿ ಒಂದನೇ ಗೇರ್ ಹಾಕಿದರೂ ಕಾರು ಮುಂದಕ್ಕೆ ಜಿಗಿದು ಆಫ್ ಆಗುತ್ತದೆ. ಪೆಡಲನ್ನು ಮೂರು ನಾಲ್ಕು ಸಲ ಒತ್ತಿ ಬಿಟ್ಟು ಹಾಕಿದರೆ ಸರಿ. ಕ್ಲಚ್ ಪ್ಲೇಟ್ ಸವೆದಿದೆಯೇ?

ಉತ್ತರ: ಸವೆದ ಪ್ಲೇಟ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಕಾರು ಎಳೆಯುವುದಿಲ್ಲ. ನಿಮ್ಮದು ಅದಕ್ಕೆ ತದ್ವಿರುದ್ಧ, ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ. ಪೆಡಲ್ ಪಂಪ್ ಮಾಡಿದರೆ ಸರಿಹೋಗುವುದು ಹೈಡ್ರಾಲಿಕ್ ದೋಷದ ಗುರುತು.

ಮೊದಲು ಕಾಲಡಿಯ ಮ್ಯಾಟ್ ಪೆಡಲನ್ನು ತಡೆಯುತ್ತಿಲ್ಲ ತಾನೇ ನೋಡಿ. ನಗಬೇಡಿ, ದಪ್ಪ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಕಿದ ಕಾರುಗಳಲ್ಲಿ ಪೆಡಲ್ ತಳ ಮುಟ್ಟುವುದೇ ಇಲ್ಲ. ಆಮೇಲೆ ಬಾನೆಟ್ ತೆರೆದು ಕ್ಲಚ್ ಆಯಿಲ್ ಮಟ್ಟ ನೋಡಿ. ಹಲವು ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ. ಕ್ಲಚ್ ಪೈಪ್ ಹೊರಡುವ ರಂಧ್ರ ಬ್ರೇಕಿನ ರಂಧ್ರಕ್ಕಿಂತ ಮೇಲಿರುತ್ತದೆ, ಆಯಿಲ್ ಸೋರಿದರೆ ಮೊದಲು ಕೈಕೊಡುವುದು ಕ್ಲಚ್. ಹಾಗಾಗಿ ಮಟ್ಟ ಇಳಿದಿದ್ದರೆ ತುಂಬಿಸಿ ಮರೆತುಬಿಡಬೇಡಿ. ಎಲ್ಲಿ ಹೋಯಿತು ಎಂದು ಹುಡುಕಬೇಕು, ಬ್ರೇಕ್ ಕೂಡ ಸೇರಿಸಿ.

ಪೆಡಲ್ ಹಿಂದಿನ ಸರಳಿನ ಬುಡಕ್ಕೆ ಟಿಶ್ಯೂ ಒತ್ತಿ ತೆಗೆಯಿರಿ, ಒದ್ದೆಯಾದರೆ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಆ ಒತ್ತಡದಿಂದ ಕ್ಲಚ್ ಬಿಡಿಸುವ, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಎತ್ತಿ ನೋಡಿ, ಒಳಗೆ ಆಯಿಲ್ ನಿಂತಿದ್ದರೆ ಹೋಗಿರುವುದು ಅದು. ಎರಡೂ ಕಡೆ ಒಣಗಿದ್ದು, ಕ್ಲಚ್ ಒತ್ತಿಹಿಡಿದ ಅರ್ಧ ನಿಮಿಷದಲ್ಲಿ ಕಾರು ತಾನಾಗಿ ತೆವಳತೊಡಗಿದರೆ ಮಾಸ್ಟರ್ ಸಿಲಿಂಡರಿನ ಒಳ ಸೀಲ್ ಒತ್ತಡ ಬಿಟ್ಟುಕೊಡುತ್ತಿದೆ. ಹೊರಗೆ ಒಂದು ಹನಿ ಬೀಳದೆಯೂ ಹೀಗಾಗುತ್ತದೆ. ಇನ್ನೊಬ್ಬರು ಪೆಡಲ್ ಒತ್ತುವಾಗ ಸ್ಲೇವ್ ಸಿಲಿಂಡರಿನ ಸರಳು ಎಷ್ಟು ಸರಿಯುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ; ಬಹಳಷ್ಟು ಕಾರುಗಳಲ್ಲಿ 10ರಿಂದ 15 ಮಿ.ಮೀ. ಸರಿಯುತ್ತದೆ. ಅಷ್ಟು ಸರಿದೂ ಕ್ಲಚ್ ಬಿಡದಿದ್ದರೆ ಹೈಡ್ರಾಲಿಕ್ ನಿರ್ದೋಷಿ, ತಪ್ಪು ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗಿದೆ. ಬಾಗಿದ ಪ್ಲೇಟ್, ಮುರಿದ ಪ್ರೆಶರ್ ಪ್ಲೇಟ್ ಬೆರಳು, ಸವೆದ ಫೋರ್ಕ್, ಸಿಕ್ಕಿಕೊಂಡ ಪೈಲಟ್ ಬೇರಿಂಗ್, ಇವುಗಳಲ್ಲೊಂದು. ಹೊಸ ಪ್ಲೇಟ್ ಹಾಕಿಸಿದ ಮೇಲೆಯೇ ಶುರುವಾದದ್ದಾದರೆ ಪ್ಲೇಟನ್ನು ತಿರುವುಮುರುವು ಹಾಕಿರಬಹುದು. ಫ್ಲೈವೀಲ್ ಕಡೆ ಯಾವುದು ಎಂದು ಪ್ಲೇಟಿನ ಮೇಲೇ ಬರೆದಿರುತ್ತದೆ.

ಕ್ಲಚ್ ಆಯಿಲಿನೊಳಗೆ ಗಾಳಿ ಸೇರಿದ್ದರೆ ಬ್ಲೀಡ್ ಮಾಡಬೇಕು, ಅಂದರೆ ಆ ಗಾಳಿಯನ್ನು ಹೊರಹಾಕಬೇಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ, ಹೊಸದಾಗಿ ತೆರೆದ ಬಾಟಲಿಯದನ್ನೇ ಹಾಕಿ. ಎಂಜಿನ್ ಆಯಿಲ್, ಗೇರ್ ಆಯಿಲ್ ಒಂದಿಷ್ಟು ಸೇರಿದರೂ ಸೀಲುಗಳು ಊದಿಕೊಂಡು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿ. ಪೆಡಲ್ ನಿಧಾನಕ್ಕೆ ತಳಕ್ಕೆ ಒತ್ತಿದಾಗ ನಿಪ್ಪಲ್ ಅರ್ಧ ಸುತ್ತು ತೆರೆಯಿರಿ, ಗುಳ್ಳೆ ಹೋದ ಮೇಲೆ ಮುಚ್ಚಿ, ಆಮೇಲಷ್ಟೇ ಪೆಡಲನ್ನು ಕೈಯಿಂದ ಎತ್ತಿ. ಈ ಕ್ರಮ ತಪ್ಪಿದರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ. ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಆಯಿಲ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಕೇಬಲ್ ಕ್ಲಚ್ ಇರುವವರಿಗೆ: ಪೆಡಲ್ ಮೇಲ್ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಹೊಂದಿಸುವ ನಟ್ಟಿನಲ್ಲಿ ತೆಗೆದುಕೊಳ್ಳಬಹುದು. ಹೊಂದಿಸಿದ ವಾರದಲ್ಲೇ ಮತ್ತೆ ಸಡಿಲವಾದರೆ ಕೇಬಲಿನ ಎಳೆಗಳು ಒಳಗೆ ಹರಿಯುತ್ತಿವೆ, ಬದಲಿಸಿ.

ಪ್ರಶ್ನೆ: ಗೇರ್ ಹಾಕುವ ಮೊದಲೇ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದರೆ ಸಾಕು ಆರ್‌ಪಿಎಂ ಇಳಿದು ಎಂಜಿನ್ ನಿಲ್ಲುತ್ತದೆ. ಹೀಗೂ ಆಗುತ್ತದೆಯೇ?

ಉತ್ತರ: ಆಗುತ್ತದೆ, ಇದು ಹಗುರವಾಗಿ ತೆಗೆದುಕೊಳ್ಳುವ ಲಕ್ಷಣವಲ್ಲ. ಕ್ಲಚ್ ಒತ್ತಿದಾಗ ಇಡೀ ಬಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳು ತಡೆಯುವುದು ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳು. ಅವು ಸವೆದರೆ ಶಾಫ್ಟ್ ಮುಂದೆ ಸರಿದು ಬ್ಲಾಕಿಗೆ ಉಜ್ಜುತ್ತದೆ, ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಸೆನ್ಸರಿನ ಅಂತರವೂ ಬದಲಾಗಿ ಸಿಗ್ನಲ್ ಕಳೆದುಹೋಗುತ್ತದೆ. ಎಂಜಿನ್ ಆಫ್ ಮಾಡಿ, ಒಬ್ಬರು ಕ್ಲಚ್ ಒತ್ತಲಿ, ಇನ್ನೊಬ್ಬರು ಮುಂದಿನ ಪುಲ್ಲಿಯನ್ನು ನೋಡಲಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಸರಿದರೆ ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಡಯಲ್ ಗೇಜ್ ಇಟ್ಟು ಅಳೆದರೆ ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಒಳಗೆ ಇರಬೇಕು, ನಿಮ್ಮ ಎಂಜಿನ್ನಿನ ಮಿತಿ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ತಡಮಾಡಿದರೆ ವಾಷರ್ ಕಳಚಿ ಸಂಪ್‌ಗೆ ಬಿದ್ದು ಬ್ಲಾಕೇ ಹಾಳಾಗುತ್ತದೆ. ಪುಲ್ಲಿ ಅಲುಗದಿದ್ದರೆ ಐಡ್ಲಿಂಗೇ ಕಡಿಮೆಯಿದೆ, ಮೊದಲ ಉತ್ತರದ ಥ್ರಾಟಲ್ ಭಾಗ ನೋಡಿ.

ಪ್ರಶ್ನೆ: ಆಟೊಮ್ಯಾಟಿಕ್. 'ಡಿ'ಯಲ್ಲಿ ಏನೂ ಆಗುವುದಿಲ್ಲ, 'ಆರ್'ಗೆ ಹಾಕಿದರೆ ಮಾತ್ರ ಆಫ್.

ಉತ್ತರ: ಎಂಜಿನ್ ಮೌಂಟ್ ನೋಡಿ. 'ಡಿ'ಗೆ ಹಾಕಿದಾಗ ಎಂಜಿನ್ ಒಂದು ಕಡೆ ವಾಲುತ್ತದೆ, 'ಆರ್'ಗೆ ಹಾಕಿದಾಗ ಇನ್ನೊಂದು ಕಡೆ. ಮೌಂಟ್ ರಬ್ಬರ್ ಹರಿದಿದ್ದರೆ ಈ ವಾಲಾಟ ಬಹಳವಾಗಿ, ಏರ್‌ಫ್ಲೋ ಸೆನ್ಸರಿಗೂ ಥ್ರಾಟಲ್‌ಗೂ ನಡುವಿನ ಮಡಿಕೆ ಪೈಪಿನ ಬಿರುಕು ಒಂದು ದಿಕ್ಕಿಗೆ ಬಾಗಿದಾಗ ಬಾಯಿ ಬಿಡುತ್ತದೆ. ಸೆನ್ಸರ್ ಅಳೆಯದ ಗಾಳಿ ಒಳನುಗ್ಗಿ ಎಂಜಿನ್ ನಿಲ್ಲುತ್ತದೆ. ಪೈಪನ್ನು ಬಿಚ್ಚಿ, ಕೈಯಲ್ಲಿ ಬಗ್ಗಿಸಿ, ಪ್ರತಿ ಮಡಿಕೆಯ ತಳ ನೋಡಿ. ಕಾರಿನಲ್ಲೇ ಇಟ್ಟು ಮೇಲಿಂದ ನೋಡಿದರೆ ಕಾಣುವುದಿಲ್ಲ, ಬಿರುಕು ಸಾಮಾನ್ಯವಾಗಿ ಕೆಳಮುಖಕ್ಕೆ ಇರುತ್ತದೆ. ಪಟ್ಟನೆ ನಿಲ್ಲುತ್ತಿದ್ದರೆ ಅದೇ ವಾಲಾಟದಲ್ಲಿ ಎಳೆತಕ್ಕೆ ಸಿಗುವ ವೈರ್, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಹುಡುಕಿ. ರಿವರ್ಸ್ ಲೈಟಿನ ವೈರ್ ಶಾರ್ಟ್ ಆಗಿ, ಅದೇ ಫ್ಯೂಸಿನಲ್ಲಿ ಎಂಜಿನ್ನಿನ ಯಾವುದಾದರೂ ಭಾಗವಿದ್ದರೂ ಹೀಗಾಗಬಹುದು. ರಿವರ್ಸ್ ಲೈಟ್ ಹತ್ತುತ್ತದೆಯೇ ನೋಡಿ, ಫ್ಯೂಸ್ ಪೆಟ್ಟಿಗೆ ತೆರೆಯಿರಿ.

ಪ್ರಶ್ನೆ: ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ ಮೇಲೆ ಐಡ್ಲಿಂಗ್ 1,400ಕ್ಕೆ ಏರಿ ಇಳಿದು ಆಟವಾಡುತ್ತಿದೆ.

ಉತ್ತರ: ಕೊಳೆಯಿದ್ದಾಗ ತಟ್ಟೆಯನ್ನು ಹೆಚ್ಚು ತೆರೆದಿಡಬೇಕು ಎಂದು ಇಸಿಯು ಕಲಿತಿತ್ತು. ಕೊಳೆ ಹೋಯಿತು, ಕಲಿತದ್ದು ಹೋಗಿಲ್ಲ. ಐಡಲ್ ರೀಲರ್ನ್ ಮಾಡಬೇಕು, ಅಂದರೆ ಇಸಿಯುಗೆ ಐಡ್ಲಿಂಗ್ ಮತ್ತೆ ಕಲಿಸಬೇಕು. ಕೆಲವು ಕಾರುಗಳಿಗೆ ಸ್ಕ್ಯಾನರಿನಿಂದ, ಕೆಲವಕ್ಕೆ ಕೀ ಮತ್ತು ಪೆಡಲಿನ ಕ್ರಮದಿಂದ. ನಿಮ್ಮ ಮಾದರಿಯದ್ದೇ ಕ್ರಮ ಅನುಸರಿಸಿ. ಬ್ಯಾಟರಿ ಕಳಚಿದ ಮೇಲೂ ಕೆಲವು ಕಾರುಗಳು ಇದೇ ಆಟ ಆಡುತ್ತವೆ. ರೀಲರ್ನ್ ಆದ ಮೇಲೂ ಇಳಿಯದಿದ್ದರೆ ಪೈಪ್ ಜೋಡಿಸುವಾಗ ಯಾವುದೋ ಸಣ್ಣ ಹೋಸ್ ಬಿಟ್ಟುಹೋಗಿದೆ.

ಪ್ರಶ್ನೆ: ಎಎಂಟಿ (ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಹಾಕುವ ಮ್ಯಾನ್ಯುವಲ್ ಗೇರ್‌ಬಾಕ್ಸ್) ಕಾರು. ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ಗೇರ್ ಹಾಕಿದಾಗ ಜಗ್ಗಿ ಆಫ್ ಆಗುತ್ತದೆ.

ಉತ್ತರ: ಎಎಂಟಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚೇ, ಒತ್ತುವುದು ಮಾತ್ರ ಆ್ಯಕ್ಚುಯೇಟರ್. ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತದೆ ಎಂದು ಅದಕ್ಕೆ ಸ್ಕ್ಯಾನರಿನಿಂದ ಕಲಿಸಬೇಕು. ಕಲಿಸದಿದ್ದರೆ ಹಳೆಯ ಪ್ಲೇಟಿನ ಲೆಕ್ಕದಲ್ಲೇ ಬಿಡುತ್ತದೆ. ಕಲಿಕೆ ನಡುವೆ ಫೇಲ್ ಎಂದು ಬಂದರೆ ಆ್ಯಕ್ಚುಯೇಟರಿನ ಆಯಿಲ್ ಮಟ್ಟ ಮತ್ತು ಬ್ಯಾಟರಿ ವೋಲ್ಟೇಜ್ ನೋಡಿ ಮತ್ತೆ ಮಾಡಿಸಿ.

ಪ್ರಶ್ನೆ: ಡೀಸೆಲ್ ಕಾರಿಗೂ ಇದೇ ಕ್ರಮವೇ?

ಉತ್ತರ: ಕ್ಲಚ್, ಲಾಕಪ್ ಭಾಗಕ್ಕೆ ಹೌದು. ಗಾಳಿಯ ಭಾಗಕ್ಕೆ ಅಲ್ಲ, ಡೀಸೆಲ್ ಎಂಜಿನ್ ಸಣ್ಣ ಸೋರಿಕೆಗೆ ಆಫ್ ಆಗುವುದಿಲ್ಲ. ಅಲ್ಲಿ ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಗಾಳಿ, ಹೈ ಪ್ರೆಶರ್ ಪಂಪಿಗೆ ಹೋಗುವ ಡೀಸೆಲನ್ನು ಹಿಡಿತದಲ್ಲಿಡುವ ಸಕ್ಷನ್ ಕಂಟ್ರೋಲ್ ವಾಲ್ವ್, ತೆರೆದು ಉಳಿದ ಇಜಿಆರ್, ಈ ಕ್ರಮದಲ್ಲಿ ನೋಡಿ. ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಒತ್ತಡದ ಕೊಳವೆ ಇರುವ) ಎಂಜಿನ್ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್ ರೈಲ್ ಒತ್ತಡ ಹಿಡಿದಿರುತ್ತದೆ. ಗೇರ್ ಹಾಕಿದ ಕ್ಷಣ ಇಸಿಯು ಕೇಳಿದ ಒತ್ತಡಕ್ಕೂ ಸಿಕ್ಕ ಒತ್ತಡಕ್ಕೂ ಅಂತರ ಬಿದ್ದರೆ ಇಂಧನದ ದಾರಿಯೇ ದೋಷಿ.

ಪ್ರಶ್ನೆ: ಥ್ರಾಟಲ್‌ನ ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿದರೆ ಸಾಲದೇ?

ಉತ್ತರ: ಕಾರ್ಬ್ಯುರೇಟರ್ ಕಾರಾದರೆ ಸಾಕು, ಅದರಲ್ಲಿ ಆ ಸ್ಕ್ರೂ ಇರುವುದೇ ಅದಕ್ಕೆ. ಇಂಜೆಕ್ಷನ್ ಕಾರಿನಲ್ಲಿ ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿ ಬಣ್ಣ ಅಥವಾ ಮುದ್ರೆ ಹಾಕಿರುತ್ತಾರೆ. ತಿರುಗಿಸಿದರೆ ಥ್ರಾಟಲ್ ಮುಚ್ಚಿದೆ ಎಂಬ ಸಿಗ್ನಲ್ ತಪ್ಪಿ, ಇಸಿಯು ಐಡ್ಲಿಂಗ್ ಹಿಡಿತವನ್ನೇ ಬಿಟ್ಟುಬಿಡಬಹುದು. ಈಗಾಗಲೇ ಯಾರೋ ತಿರುಗಿಸಿದ ಗುರುತಿದ್ದರೆ, ಅಂದರೆ ಬಣ್ಣ ಒಡೆದಿದ್ದರೆ, ಬೇರೇನನ್ನೂ ಮುಟ್ಟುವ ಮೊದಲು ಕೀ ಆನ್ ಮಾಡಿ, ಕಾಲು ತೆಗೆದು, ಥ್ರಾಟಲ್ ಪೊಸಿಷನ್ ಸೆನ್ಸರಿನ ವೋಲ್ಟೇಜನ್ನು ಸರ್ವಿಸ್ ಮ್ಯಾನ್ಯುವಲ್‌ನ ಅಂಕಿಗೆ ಹೋಲಿಸಿ. ಕೇಬಲ್ ಥ್ರಾಟಲ್ ಇರುವ ಬಹುತೇಕ ಕಾರುಗಳಲ್ಲಿ ಅದು 0.5 ವೋಲ್ಟ್ ಆಸುಪಾಸು ಇರುತ್ತದೆ.